ಹಿಮನದಿಯ ಹಳೆಯ ನಕ್ಷೆಯನ್ನು ಓದುವ ಬಗೆ

ಸ್ವಿಟ್ಜರ್ಲೆಂಡಿನ ಅಲೆಚ್ ಹಿಮನದಿಯ ಅಂಚಿನಲ್ಲಿ ಕೊಂಕೋರ್ಡಿಯಾ ಎಂಬ ತಂಗುಮನೆ ಇದೆ. ಪರ್ವತಾರೋಹಿಗಳು ರಾತ್ರಿ ಉಳಿದುಕೊಳ್ಳುವ ಜಾಗ ಅದು. 1877ರಲ್ಲಿ ಅಲ್ಲಿ ಮೊದಲ ಮನೆ ಕಟ್ಟಿದಾಗ ಅದು ಮಂಜುಗಡ್ಡೆಯಿಂದ ಸುಮಾರು 50 ಮೀಟರ್ ಎತ್ತರದಲ್ಲಿತ್ತು. ಈಗ ಹಿಮನದಿಯಿಂದ ಅಲ್ಲಿಗೆ ಹೋಗಬೇಕೆಂದರೆ ಬಂಡೆಗೆ ಬಿಗಿದ ಕಬ್ಬಿಣದ ಮೆಟ್ಟಿಲುಗಳನ್ನು ಹಿಡಿದು 150 ಮೀಟರಿಗೂ ಹೆಚ್ಚು ಏರಬೇಕು. ಬಂಡೆ ಅಲ್ಲಿಯೇ ಇದೆ, ಹಿಮ ಕೆಳಗಿಳಿದಿದೆ. ಎಷ್ಟು ಇಳಿದಿದೆ, ಎಲ್ಲೆಲ್ಲಿ ಇಳಿದಿದೆ ಎಂಬುದನ್ನು ನಾವೇ ಅಳೆದು ನೋಡಬಹುದು. ಅದಕ್ಕೆ ಬೇಕಾದದ್ದು ಆ ಕಾಲದ ಒಂದು ಟೋಪೋಶೀಟ್ (ಬೆಟ್ಟಕಣಿವೆಗಳ ಎತ್ತರ ತೋರಿಸುವ ಸರ್ವೆ ಹಾಳೆ), ಇಂದಿನ ಒಂದು ನಕ್ಷೆ, ಒಂದು ಅಳತೆಪಟ್ಟಿ ಮತ್ತು ತುಸು ತಾಳ್ಮೆ.

ಬೆಂಗಳೂರಿನಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಪ್ರವಾಸಿಗಳಲ್ಲಿ ಬಹಳಷ್ಟು ಮಂದಿ ರೈಲು ಹತ್ತಿ ಯುಂಗ್‌ಫ್ರೌಯೋಖ್‌ಗೆ ಹೋಗುತ್ತಾರೆ. 3,454 ಮೀಟರ್ ಎತ್ತರದ ಆ ನಿಲ್ದಾಣಕ್ಕೆ 1912ರಿಂದ ರೈಲು ಓಡುತ್ತಿದೆ. ಅಲ್ಲಿನ ಕಟ್ಟೆಯ ಮೇಲೆ ನಿಂತು ಉತ್ತರಕ್ಕೆ ಮುಖಮಾಡಿ ಫೋಟೋ ತೆಗೆಸಿಕೊಳ್ಳುವಾಗ ಬೆನ್ನ ಹಿಂದೆ ಹರಡಿರುವ ಬಿಳಿಯ ಬಯಲು ಇದೇ ಅಲೆಚ್ ಹಿಮನದಿಯ ತಲೆಭಾಗ. ಹಳೆಯ ನಕ್ಷೆಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಅಲ್ಲಿ ನಿಂತರೆ ಕಣ್ಣಿಗೆ ಬೀಳುವುದೇ ಬೇರೆ. ಅಂಥವರಿಗಾಗಿ, ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ, ಮನೆಯಲ್ಲೇ ಕೂತು ನಕ್ಷೆ ನೋಡುವ ಹವ್ಯಾಸವಿರುವವರಿಗಾಗಿ ಈ ಲೇಖನ.

ಮೊದಲೇ ಒಂದು ಮಾತು. ಹಳೆಯ ನಕ್ಷೆಯ ಮೇಲೆ ಒಂದು ಇಸವಿ ಅಚ್ಚಾಗಿದ್ದರೂ ಹಾಳೆಯಲ್ಲಿರುವುದೆಲ್ಲ ಆ ಇಸವಿಯದ್ದಲ್ಲ. ರಸ್ತೆ ಒಂದು ವರ್ಷದ್ದು, ಹಿಮನದಿ ಇನ್ನೊಂದು ವರ್ಷದ್ದು, ಶಿಖರದ ಎತ್ತರ ಅದಕ್ಕೂ ಹಿಂದಿನ ಲೆಕ್ಕ. ಯಾವ ಗೆರೆ ಯಾವ ಕಾಲದ್ದು ಎಂದು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇದನ್ನು ಬಿಟ್ಟು ಮಾಡಿದ ಹೋಲಿಕೆ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ನಂಬಲು ಬರುವುದಿಲ್ಲ.

ಯಾವ ನಕ್ಷೆ ಹುಡುಕಬೇಕು

ಸ್ವಿಸ್ ಆಲ್ಪ್ಸ್‌ನ ಹಳೆಯ ನಕ್ಷೆಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಡ್ಯುಫೂರ್ ನಕ್ಷೆ. ಗಿಯೋಮ್ ಹೆನ್ರಿ ಡ್ಯುಫೂರ್ ಎಂಬ ಸೇನಾ ಎಂಜಿನಿಯರ್ 1838ರಲ್ಲಿ ಜಿನೀವಾ ಬಳಿಯ ಕರೂಜ್‌ನಲ್ಲಿ ನಕ್ಷಾ ಕಚೇರಿ ತೆರೆದು, 1845ರಿಂದ 1865ರವರೆಗೆ 25 ಹಾಳೆಗಳಲ್ಲಿ ಇಡೀ ದೇಶದ ನಕ್ಷೆ ಹೊರತಂದರು. ನಕ್ಷೆಯ ಪ್ರಮಾಣ 1:1,00,000, ಅಂದರೆ ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಇದರಲ್ಲಿ ಸಮೋನ್ನತಿ ರೇಖೆಗಳಿಲ್ಲ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿಲ್ಲ. ಇಳಿಜಾರಿನ ದಿಕ್ಕಿನಲ್ಲಿ ಎಳೆದ ಸಣ್ಣ ಸಣ್ಣ ಗೀಟುಗಳಿಂದ ಬೆಟ್ಟವನ್ನು ಎಬ್ಬಿಸಿ ತೋರಿಸಿದ್ದಾರೆ. ವಾಯವ್ಯ ದಿಕ್ಕಿನಿಂದ ಬೆಳಕು ಬಿದ್ದಂತೆ ಕಲ್ಪಿಸಿ ಇನ್ನೊಂದು ಬದಿಯ ಗೀಟುಗಳನ್ನು ದಪ್ಪ ಮಾಡಿದ್ದಾರೆ. ಆಲ್ಪ್ಸ್‌ನಲ್ಲಿ ಸೂರ್ಯ ನಡುಹಗಲಲ್ಲಿ ದಕ್ಷಿಣಕ್ಕಿರುತ್ತಾನೆ, ಹಾಗಾಗಿ ಇಂಥ ಬೆಳಕು ಅಲ್ಲಿ ನಿಜವಾಗಿ ಬೀಳುವುದಿಲ್ಲ. ಆದರೆ ನೆರಳನ್ನು ತಿರುಗಿಸಿದರೆ ನಮ್ಮ ಕಣ್ಣಿಗೆ ಕಣಿವೆಗಳು ಏಣುಗಳಂತೆ, ಏಣುಗಳು ಕಣಿವೆಗಳಂತೆ ಕಾಣತೊಡಗುತ್ತವೆ. ನೋಡಲು ಇಷ್ಟು ಚೆಲುವಾದ ನಕ್ಷೆ ಮತ್ತೊಂದಿರಲಾರದು. ಅಳೆಯುವುದಕ್ಕೆ ಮಾತ್ರ ಇದು ಸಾಲದು.

ಅಳೆಯುವವರಿಗೆ ಬೇಕಾದದ್ದು ಜೀಗ್‌ಫ್ರೀಡ್ ನಕ್ಷೆ. ಡ್ಯುಫೂರ್ ನಕ್ಷೆಗೆಂದು ಸರ್ವೇಯರುಗಳು ಬೆಟ್ಟಗುಡ್ಡ ತಿರುಗಿ ತಯಾರಿಸಿದ ಮೂಲ ಹಾಳೆಗಳು ದೊಡ್ಡ ಪ್ರಮಾಣದವು. ಅಚ್ಚಾಗದೆ ಕಚೇರಿಯಲ್ಲೇ ಉಳಿದಿದ್ದವು. ಅವುಗಳನ್ನು ತಿದ್ದಿ, ಬೇಕಾದ ಕಡೆ ಹೊಸದಾಗಿ ಅಳೆದು ಪ್ರಕಟಿಸಲು 1868ರಲ್ಲಿ ಕಾನೂನು ಬಂತು. ಡ್ಯುಫೂರ್ ನಂತರ ಕಚೇರಿಯ ಮುಖ್ಯಸ್ಥರಾದ ಹರ್ಮನ್ ಜೀಗ್‌ಫ್ರೀಡ್ 1870ರಿಂದ ಹಾಳೆಗಳನ್ನು ಹೊರಡಿಸತೊಡಗಿದರು. ಬಯಲು ಸೀಮೆ ಮತ್ತು ಯೂರಾ ಬೆಟ್ಟಗಳಿಗೆ 1:25,000, ಆಲ್ಪ್ಸ್‌ಗೆ 1:50,000 ಪ್ರಮಾಣ. ಒಟ್ಟು ಹಾಳೆಗಳು 600ಕ್ಕೂ ಹೆಚ್ಚು. ಜೀಗ್‌ಫ್ರೀಡ್ 1879ರಲ್ಲಿ ತೀರಿಕೊಂಡರು, ಕೆಲಸ 20ನೇ ಶತಮಾನಕ್ಕೂ ಮುಂದುವರಿಯಿತು.

ಈ ಹಾಳೆಗಳ ಹುಟ್ಟಿನ ಕಥೆಯಲ್ಲೇ ಎಚ್ಚರಿಕೆಯೂ ಇದೆ. 1880ರ ದಶಕದಲ್ಲಿ ಅಚ್ಚಾದ ಹಾಳೆಯಲ್ಲಿ 1850ರ ದಶಕದ ಅಳತೆ ಅಡಗಿರಬಹುದು.

ಅಂಚಿನ ಬರಹದಿಂದ ಶುರುಮಾಡಿ

ನಕ್ಷೆ ಕೈಗೆ ಬಂದೊಡನೆ ಕಣ್ಣು ಶಿಖರಗಳತ್ತ ಓಡುತ್ತದೆ. ಅದನ್ನು ಹಿಡಿದು ನಿಲ್ಲಿಸಿ ಮೊದಲು ಚೌಕಟ್ಟಿನ ಹೊರಗಿನ ಸಣ್ಣ ಅಕ್ಷರ ಓದಿ. ಹಾಳೆಯ ಹೆಸರು, ಸಂಖ್ಯೆ, ಪ್ರಮಾಣ, ಸಮೋನ್ನತಿ ರೇಖೆಗಳ ಅಂತರ, ಅಳೆದವರ ಹೆಸರು ಮತ್ತು ಇಸವಿ ಸಾಮಾನ್ಯವಾಗಿ ಅಲ್ಲೇ ಸಿಗುತ್ತವೆ. ಜರ್ಮನ್ ಭಾಷೆಯ ಎರಡು ಪದಗಳನ್ನು ಗುರುತಿಟ್ಟುಕೊಳ್ಳಿ: ‘ಔಫ್‌ಗೆನೊಮೆನ್’ ಎಂದಿದ್ದರೆ ಅಳತೆ ಮಾಡಿದ ಕಾಲ, ‘ನಾಖ್‌ಟ್ರೆಗೆ’ ಎಂದಿದ್ದರೆ ಆಮೇಲೆ ಸೇರಿಸಿದ ತಿದ್ದುಪಡಿಯ ಕಾಲ. ಹೊಸ ರೈಲುಹಳಿ, ಹೊಸ ರಸ್ತೆ, ಹೊಸ ಹೋಟೆಲು ಬಂದಾಗ ಅವನ್ನು ಹಳೆಯ ಅಚ್ಚಿಗೆ ಸೇರಿಸಿ ಮತ್ತೆ ಮುದ್ರಿಸುತ್ತಿದ್ದರು. ಅದೇ ಸಲ ಹಿಮನದಿಯನ್ನೂ ಹೊಸದಾಗಿ ಅಳೆದರು ಎಂದು ಊಹಿಸಿಕೊಳ್ಳಬಾರದು. ಖಾತ್ರಿ ಮಾಡಿಕೊಳ್ಳಲು ಒಂದು ಸುಲಭ ದಾರಿಯಿದೆ. ಒಂದೇ ಹಾಳೆಯ ಎರಡು ಮುದ್ರಣಗಳನ್ನು ಅಕ್ಕಪಕ್ಕ ಇಟ್ಟು ಹಿಮನದಿಯ ತುದಿಯನ್ನು ಮಾತ್ರ ನೋಡಿ. ಕೂದಲೆಳೆಯಷ್ಟೂ ಬದಲಾಗದೆ ಇದ್ದರೆ ಎರಡನೆಯದು ಮೊದಲನೆಯದರ ನಕಲೆಂದೇ ತಿಳಿಯಿರಿ.

ಅಳೆದವರ ಹೆಸರಿಗೂ ಬೆಲೆಯಿದೆ. ಬಂಡೆ ಬಿಡಿಸುವ ಕೈಚಳಕ ಎಲ್ಲರಿಗೂ ಒಂದೇ ರೀತಿ ಇರಲಿಲ್ಲ. ಕ್ಸಾವರ್ ಇಮ್‌ಫೆಲ್ಡ್, ಫ್ರಿಡೊಲಿನ್ ಬೆಕರ್ ಅಂಥವರು ಬರೆದ ಬಂಡೆಗಳಲ್ಲಿ ಕೋಡು, ಬಿರುಕು, ಜಾರು ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ಇನ್ನು ಕೆಲವರ ಹಾಳೆಗಳಲ್ಲಿ ಬಂಡೆ ಇದ್ದ ಕಡೆಯೆಲ್ಲ ಒಂದೇ ಬಗೆಯ ಗೀಚು. ಅಂಥ ಜಾಗದಲ್ಲಿ ವಿವರ ಹುಡುಕಿ ದಣಿಯಬೇಕಿಲ್ಲ.

ಹೆಸರುಗಳನ್ನು ಓದಲು ನಾಲ್ಕಾರು ಪದ ಗೊತ್ತಿದ್ದರೆ ಸಾಕು. ಗ್ಲೆಚರ್ ಎಂದರೆ ಹಿಮನದಿ, ಫಿರ್ನ್ ಎಂದರೆ ಅದರ ಮೇಲ್ಭಾಗದ ಹಳೆಯ ಹಿಮದ ಬಯಲು, ಹಾರ್ನ್ ಎಂದರೆ ಕೋಡುಗಲ್ಲು, ಯೋಖ್ ಎಂದರೆ ಎರಡು ಶಿಖರಗಳ ನಡುವಿನ ಕಣಿವೆದಾರಿ, ಆಲ್ಪ್ ಎಂದರೆ ಬೇಸಗೆಯಲ್ಲಿ ದನ ಮೇಯಿಸುವ ಹುಲ್ಲುಗಾವಲು. ಹಳೆಯ ಕಾಗುಣಿತ ಇಂದಿನದಕ್ಕೆ ಹೊಂದದಿರುವುದೂ ಉಂಟು. ಹುಡುಕುವಾಗ ಎರಡೂ ಬಗೆಯಲ್ಲಿ ಹುಡುಕಿ.

ಮೂರು ಬಣ್ಣ, ಮೂವತ್ತು ಮೀಟರ್

ಜೀಗ್‌ಫ್ರೀಡ್ ಹಾಳೆ ಮೂರು ಬಣ್ಣದಲ್ಲಿದೆ. ಕಪ್ಪಿನಲ್ಲಿ ಹೆಸರು, ದಾರಿ, ಮನೆ, ಬಂಡೆ. ಕಂದಿನಲ್ಲಿ ನೆಲದ ಸಮೋನ್ನತಿ ರೇಖೆ. ನೀಲಿಯಲ್ಲಿ ಹೊಳೆ, ಕೆರೆ ಮತ್ತು ಹಿಮನದಿಯ ಮೇಲಿನ ಸಮೋನ್ನತಿ ರೇಖೆ. ನಮಗೆ ಬೇಕಾದ ಮಾಹಿತಿಯೆಲ್ಲ ಕಂದು ಗೆರೆ ನೀಲಿಯಾಗುವ ಜಾಗದಲ್ಲಿದೆ. ಒಂದೇ ಎತ್ತರದ ಗೆರೆ ನೆಲದ ಮೇಲೆ ಕಂದಾಗಿ ಬಂದು ಹಿಮಕ್ಕೆ ಕಾಲಿಟ್ಟ ಕೂಡಲೇ ನೀಲಿಯಾಗುತ್ತದೆ. ಆ ಬಿಂದುಗಳನ್ನೆಲ್ಲ ಪೆನ್ಸಿಲಿನಲ್ಲಿ ಜೋಡಿಸಿದರೆ ಅಂದಿನ ಹಿಮನದಿಯ ದಂಡೆ ಮೂಡುತ್ತದೆ. ಮೂಲ ಹಾಳೆಯ ಮೇಲಲ್ಲ, ನಕಲಿನ ಮೇಲೆ ಇದನ್ನು ಮಾಡಿ.

ನಮ್ಮ ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳನ್ನು ಹಿಡಿದು ಪಶ್ಚಿಮಘಟ್ಟ ಸುತ್ತಿದವರಿಗೆ ಇಂಚಿಗೊಂದು ಮೈಲಿ, ಅಡಿಗಳಲ್ಲಿ ಎತ್ತರ ಅಭ್ಯಾಸವಾಗಿರುತ್ತದೆ. ಇಲ್ಲಿ ಎಲ್ಲವೂ ಮೀಟರಿನಲ್ಲಿದೆ. ಆಲ್ಪ್ಸ್ ಹಾಳೆಗಳಲ್ಲಿ ಎರಡು ಗೆರೆಗಳ ನಡುವೆ 30 ಮೀಟರ್. ಇಂದಿನ ಸ್ವಿಸ್ ನಕ್ಷೆಗಳಲ್ಲಿ ಆಲ್ಪ್ಸ್ ಭಾಗಕ್ಕೆ ಈ ಅಂತರ 20 ಮೀಟರ್. ಎರಡನ್ನೂ ಪಕ್ಕದಲ್ಲಿಟ್ಟು ‘ಈಗ ಗೆರೆಗಳು ಒತ್ತಾಗಿವೆ, ಇಳಿಜಾರು ಕಡಿದಾಗಿದೆ’ ಎಂದು ಹೇಳುವವರಿದ್ದಾರೆ. ಅಂತರ ನೋಡದೆ ಗೆರೆ ಎಣಿಸಿದರೆ ಹಾಗಾಗುತ್ತದೆ.

ಇಳಿಜಾರಿನ ಲೆಕ್ಕ ಸರಳ. 1:50,000 ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಎರಡು ಗೆರೆಗಳ ನಡುವೆ ಒಂದು ಮಿಲಿಮೀಟರ್ ಇದ್ದರೆ 50 ಮೀಟರ್ ಮುಂದೆ ಹೋಗುವಷ್ಟರಲ್ಲಿ 30 ಮೀಟರ್ ಏರುತ್ತೀರಿ, ಅಂದರೆ ಸುಮಾರು 31 ಡಿಗ್ರಿ. ಹಿಮಕುಸಿತದ ಅಪಾಯ ಗಂಭೀರವಾಗುವುದು ಸುಮಾರು ಈ ಕೋನದಿಂದ ಮೇಲಕ್ಕೆ. ಅರ್ಧ ಮಿಲಿಮೀಟರ್ ಇದ್ದರೆ 50 ಡಿಗ್ರಿ. ಅಲ್ಲಿ ಕೈಯೂರದೆ ಏರಲಾಗದು.

ಅಳತೆ ತೆಗೆಯುವ ಮುನ್ನ ಕಾಗದವನ್ನೇ ಅಳೆಯಿರಿ. ಜೀಗ್‌ಫ್ರೀಡ್ ಹಾಳೆಯ ಚೌಕಟ್ಟು 35 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ. ಆಲ್ಪ್ಸ್ ಹಾಳೆಯಾದರೆ 17.5 ಕಿ.ಮೀ.ಗೆ 12 ಕಿ.ಮೀ., ಅಂದರೆ 210 ಚದರ ಕಿ.ಮೀ. ನೆಲ. ನೂರು ವರ್ಷ ದಾಟಿದ ಕಾಗದ ಕುಗ್ಗಿರಬಹುದು, ಬಟ್ಟೆಗೆ ಅಂಟಿಸಿದ್ದರೆ ಹಿಗ್ಗಿರಬಹುದು. 34.8 ಸೆಂ.ಮೀ. ಬಂದರೆ ಮಿಕ್ಕ ಅಳತೆಗಳನ್ನೂ ಅದೇ ಪ್ರಮಾಣದಲ್ಲಿ ಸರಿಪಡಿಸಿ. ಜೆರಾಕ್ಸ್ ಅಥವಾ ಸ್ಕ್ಯಾನ್ ಆಗಿದ್ದರೆ 1:50,000 ಎಂಬ ಅಂಕಿಗೆ ಅರ್ಥವೇ ಇಲ್ಲ. ಕೆಳಗೆ ಬರೆದಿರುವ ಅಳತೆಗೆರೆಯನ್ನಷ್ಟೇ ನಂಬಿ.

ಜಿನೀವಾದ ಬಂಡೆ

ಹಳೆಯ ಹಾಳೆಯಲ್ಲಿ ಮ್ಯಾಟರ್‌ಹಾರ್ನ್ ಶಿಖರದ ಎತ್ತರ 4,482 ಮೀಟರ್. ಇಂದಿನ ನಕ್ಷೆಯಲ್ಲಿ 4,478. ದೇಶದ ಅತ್ಯುನ್ನತ ಶಿಖರಕ್ಕೆ 1863ರಲ್ಲಿ ಡ್ಯುಫೂರ್ ಅವರ ಹೆಸರನ್ನೇ ಇಟ್ಟರು. ಡ್ಯುಫೂರ್‌ಸ್ಪಿಟ್ಜ ಆಗ 4,638, ಈಗ 4,634. ಎರಡೂ ಶಿಖರ ನಾಲ್ಕು ನಾಲ್ಕು ಮೀಟರ್ ಕುಗ್ಗಿದವೇ ಎಂದು ಕೇಳುವವರಿಗೆ ಉತ್ತರ ಜಿನೀವಾ ಸರೋವರದಲ್ಲಿದೆ.

ಸರೋವರದ ಬಂದರಿನಲ್ಲಿ ನೀರಿನಿಂದ ತಲೆಯೆತ್ತಿದ ಎರಡು ಬಂಡೆಗಳಿವೆ. ಹಿಮಯುಗದಲ್ಲಿ ಹಿಮನದಿ ಹೊತ್ತು ತಂದು ಬಿಟ್ಟ ಬಂಡೆಗಳವು. ಅವುಗಳಲ್ಲಿ ಒಂದರ ಮೇಲಿರುವ ಗುರುತೇ ಇಡೀ ಸ್ವಿಟ್ಜರ್ಲೆಂಡಿನ ಎತ್ತರಗಳಿಗೆ ಮೂಲ. ಎಲ್ಲ ಶಿಖರಗಳ ಎತ್ತರವನ್ನೂ ಅಲ್ಲಿಂದ ಎಣಿಸುತ್ತಾರೆ. ಆ ಗುರುತು ಸಮುದ್ರಮಟ್ಟದಿಂದ 376.86 ಮೀಟರ್ ಎತ್ತರದಲ್ಲಿದೆ ಎಂದು ಹಳೆಯ ನಕ್ಷೆಗಳು ಹಿಡಿದಿದ್ದವು. 20ನೇ ಶತಮಾನದ ಆರಂಭದಲ್ಲಿ ಹೆಚ್ಚು ನಿಖರವಾದ ಲೆಕ್ಕ ಮಾಡಿ 373.6 ಮೀಟರ್ ಎಂದು ತಿದ್ದಿದರು. ವ್ಯತ್ಯಾಸ 3.26 ಮೀಟರ್. ಮೂಲವೇ ಕೆಳಗಿಳಿದ ಮೇಲೆ ದೇಶದ ಪ್ರತಿಯೊಂದು ಶಿಖರ, ಊರು, ಚರ್ಚಿನ ಮೆಟ್ಟಿಲೂ ಲೆಕ್ಕದಲ್ಲಿ ಅಷ್ಟೇ ಇಳಿಯಿತು. ಜೀಗ್‌ಫ್ರೀಡ್ ಹಾಳೆಗಳು ಹಳೆಯ ಅಂಕಿಯಲ್ಲೇ ಉಳಿದವು, 1938ರಿಂದ ಬರತೊಡಗಿದ ಹೊಸ ರಾಷ್ಟ್ರೀಯ ನಕ್ಷೆಗಳು ಹೊಸ ಅಂಕಿ ಹಿಡಿದವು.

ಆದ್ದರಿಂದ ಹಳೆಯ ಹಾಳೆಯ ಯಾವುದೇ ಎತ್ತರವನ್ನು ಇಂದಿನದಕ್ಕೆ ಹೋಲಿಸುವ ಮೊದಲು ಅದರಿಂದ 3.26 ಕಳೆಯಿರಿ. ಹಿಮದ ವಿಷಯದಲ್ಲಿ ಈ ಮೂರು ಮೀಟರ್ ಮರೆತರೆ ಕರಗದ ಹಿಮವನ್ನೂ ಕರಗಿಸಿದಂತಾಗುತ್ತದೆ.

ಹಿಮ ಎಷ್ಟು ಇಳಿಯಿತು: ಲೆಕ್ಕ ಹಾಕುವ ಕ್ರಮ

ಯುಂಗ್‌ಫ್ರೌಯೋಖ್‌ನಿಂದ ಕೆಳಗೆ ಹಿಮದ ಹಲವು ಹರಿವುಗಳು ಬಂದು ಕೂಡುವ ಸಂಗಮವನ್ನು ಕೊಂಕೋರ್ಡಿಯಾಪ್ಲಾಟ್ಸ್ ಎನ್ನುತ್ತಾರೆ. ಅಭ್ಯಾಸಕ್ಕೆ ಇದೇ ಒಳ್ಳೆಯ ಜಾಗ. ಸುತ್ತ ಕದಲದ ಬಂಡೆಶಿಖರಗಳಿವೆ, ಹಾಗಾಗಿ ಎರಡು ನಕ್ಷೆಗಳಲ್ಲಿ ಒಂದೇ ಬಿಂದುವನ್ನು ಗುರುತಿಸುವುದು ಕಷ್ಟವಲ್ಲ. ಎರಡು ಶಿಖರಗಳನ್ನು ಆರಿಸಿ ನಡುವೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆ ಹಿಮವನ್ನು ದಾಟುವಲ್ಲಿ ಎತ್ತರ ಎಷ್ಟಿದೆ ಎಂದು ಎರಡರಲ್ಲೂ ಓದಿ. ಹಳೆಯದರಲ್ಲಿ 2,790, ಹೊಸದರಲ್ಲಿ 2,660 ಬಂತು ಎಂದಿಟ್ಟುಕೊಳ್ಳಿ. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳಷ್ಟೇ. ಅಂತರ 130, ಅದರಲ್ಲಿ ಮೂಲದ ತಿದ್ದುಪಡಿ 3 ಕಳೆದರೆ 127 ಮೀಟರ್. ಗೆರೆಗಳ ಅಂತರವೇ 30 ಮೀಟರ್ ಇರುವಾಗ 127 ಎಂಬ ಅಂಕಿಗೆ ಅಂಟಿಕೊಳ್ಳಬಾರದು. ‘ಸುಮಾರು 125, ಹದಿನೈದು ಮೀಟರ್ ಆಚೀಚೆ’ ಎಂದು ಬರೆದುಕೊಳ್ಳಿ.

ಹಿಮನದಿಯ ಎಲ್ಲ ಭಾಗವನ್ನೂ ಒಂದೇ ನಂಬಿಕೆಯಿಂದ ನೋಡಲಾಗದು. ಕೆಳತುದಿಯ ಗೆರೆ ಹೆಚ್ಚು ನಂಬಿಕೆಗೆ ಅರ್ಹ. ಅಲ್ಲಿ ಹಿಮ ಮುಗಿದು ಕಲ್ಲು ಶುರುವಾಗುವುದು ಕಣ್ಣಿಗೆ ಕಾಣುತ್ತದೆ, ಸರ್ವೇಯರ್ ಅಲ್ಲಿಗೆ ನಡೆದು ಹೋಗಬಲ್ಲ. ಮೇಲ್ಭಾಗದ ಫಿರ್ನ್ ಬಯಲು ಹಾಗಲ್ಲ. ಆ ವರ್ಷದ ಬೇಸಗೆಯಲ್ಲಿ ಹಿಮ ತಡವಾಗಿ ಕರಗಿದ್ದರೆ ಬಂಡೆಯೂ ಹಿಮನದಿಯೂ ಒಂದೇ ಬಿಳಿಯಾಗಿ ಕಂಡಿರುತ್ತವೆ. ಮುಕ್ಕಾಲಿಯ ಮೇಲೆ ಪ್ಲೇನ್ ಟೇಬಲ್ ಎಂಬ ನಕ್ಷೆಹಲಗೆ ಇಟ್ಟು, ದೂರದ ಇಳಿಜಾರನ್ನು ನೋಟಪಟ್ಟಿಯಿಂದ ಗುರಿಯಿಟ್ಟು, ಅಲ್ಲೇ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ ಕಾಲ ಅದು. ಚಳಿಗೆ ಬೆರಳು ಮರಗಟ್ಟುವ ಮೂರು ಸಾವಿರ ಮೀಟರ್ ಎತ್ತರದಲ್ಲಿ ಅವರು ಹಿಡಿದುಕೊಟ್ಟ ನಿಖರತೆ ಕಂಡರೆ ಗೌರವ ಮೂಡುತ್ತದೆ. ಆ ಗೌರವದಿಂದಲೇ ಅವರು ಕಾಣಲಾಗದ ಕಡೆ ಅವರ ಗೆರೆಯಿಂದ ಹೆಚ್ಚು ಬೇಡಬಾರದು ಎನ್ನುತ್ತೇನೆ. ಹಿಮದ ಮೇಲೆ ಬರೆದಿರುವ ಬಿರುಕುಗಳನ್ನಂತೂ ಅಳೆಯಲೇಬೇಡಿ. ಕೊಂಕೋರ್ಡಿಯಾಪ್ಲಾಟ್ಸ್‌ನಲ್ಲಿ ಹಿಮ ವರ್ಷಕ್ಕೆ ನೂರು ಮೀಟರಿಗೂ ಹೆಚ್ಚು ಮುಂದೆ ಸರಿಯುತ್ತದೆ, ಬಿರುಕುಗಳೂ ಅದರ ಜೊತೆ ಹುಟ್ಟಿ ಮುಚ್ಚುತ್ತಿರುತ್ತವೆ.

ನೀಲಿ ಬಣ್ಣದ ಕೆರೆಗಳಲ್ಲೂ ಇದೇ ತೊಡಕು. ಅಲೆಚ್‌ನ ಪೂರ್ವದಂಡೆಯಲ್ಲಿ ಹಳೆಯ ಹಾಳೆಗಳು ಮೆರ್ಯೆಲೆನ್ ಎಂಬ ಸರೋವರವನ್ನು ತೋರಿಸುತ್ತವೆ. ಹಿಮನದಿಯ ಗೋಡೆಯೇ ಅದಕ್ಕೆ ಅಣೆಕಟ್ಟು. ಹಿಮದ ಅಡಿಯಲ್ಲಿ ದಾರಿ ಸಿಕ್ಕಾಗ ಇಡೀ ಸರೋವರ ಒಮ್ಮೆಲೇ ಬರಿದಾಗಿ ಕೆಳಗಿನ ರೋನ್ ಕಣಿವೆಯ ಊರುಗಳಿಗೆ ನೆರೆ ನುಗ್ಗುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ನೀರು ಹೊರಬಿಡಲು ಸುರಂಗ ಕೊರೆದರು. ಆಮೇಲೆ ಹಿಮವೇ ತಗ್ಗಿ ಅಣೆಕಟ್ಟು ಇಲ್ಲವಾಯಿತು, ಈಗ ಅಲ್ಲಿ ಉಳಿದಿರುವುದು ಸಣ್ಣ ಕೊಳಗಳು. ನಕ್ಷೆಯಲ್ಲಿರುವುದು ಸರ್ವೇಯರ್ ನೋಡಿದ ದಿನದ ನೀರು. ಒಂದು ಮುದ್ರಣದಲ್ಲಿ ದೊಡ್ಡದಾಗಿಯೂ ಇನ್ನೊಂದರಲ್ಲಿ ಚಿಕ್ಕದಾಗಿಯೂ ಕಂಡರೆ ಹವಾಮಾನದ ಬದಲಾವಣೆ ಎಂದು ತೀರ್ಮಾನಿಸುವ ಮೊದಲು ಇದನ್ನು ನೆನಪಿಡಿ.

ಹಾಗಂತ ಹಿಮ ಕರಗುತ್ತಿರುವುದರಲ್ಲಿ ಅನುಮಾನವೇನಿಲ್ಲ. ಅಲೆಚ್ 1860ರ ಸುಮಾರಿಗೆ ಅತ್ಯಂತ ದೊಡ್ಡದಾಗಿತ್ತು, ಅಲ್ಲಿಂದೀಚೆಗೆ ಸುಮಾರು 3 ಕಿ.ಮೀ. ಹಿಂದೆ ಸರಿದಿದೆ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ಉಳಿದಿದ್ದ ಹಿಮದಲ್ಲಿ ಸುಮಾರು ಶೇ 10ರಷ್ಟನ್ನು ಕಳೆದುಕೊಂಡವು. 1900ರ ಆಸುಪಾಸಿನಲ್ಲಿ ಹಿಮನದಿಗಳು ಎಲ್ಲಿಯವರೆಗೆ ಇದ್ದವು ಎಂದು ಸಂಶೋಧಕರು ಗುರುತಿಸಿರುವುದೂ ಈ ಜೀಗ್‌ಫ್ರೀಡ್ ಹಾಳೆಗಳಿಂದಲೇ.

ಕಂಪ್ಯೂಟರಿನಲ್ಲಿ, ಬೆಟ್ಟದಲ್ಲಿ

ಹಾಳೆ ಕೊಳ್ಳಲೇಬೇಕೆಂದಿಲ್ಲ. ಸ್ವಿಸ್ ಸರ್ಕಾರದ ನಕ್ಷಾ ಸಂಸ್ಥೆ ಸ್ವಿಸ್‌ಟೋಪೋ ತನ್ನ ಜಾಲತಾಣದಲ್ಲಿ ಡ್ಯುಫೂರ್ ಕಾಲದಿಂದ ಇಂದಿನವರೆಗಿನ ನಕ್ಷೆಗಳನ್ನು ಉಚಿತವಾಗಿ ತೋರಿಸುತ್ತದೆ. ‘ಜರ್ನಿ ಥ್ರೂ ಟೈಮ್’ ಎಂಬ ಪದರವನ್ನು ತೆರೆದು ವರ್ಷದ ಪಟ್ಟಿಯನ್ನು ಎಳೆದರೆ ಒಂದೇ ಜಾಗ ದಶಕದಿಂದ ದಶಕಕ್ಕೆ ಬದಲಾಗುವುದು ಕಾಣುತ್ತದೆ. ಅಲೆಚ್ ಮುಗಿದ ಮೇಲೆ ಫುರ್ಕಾ ಕಣಿವೆದಾರಿಯ ಕೆಳಗಿನ ರೋನ್ ಹಿಮನದಿ ನೋಡಿ. ಹತ್ತೊಂಬತ್ತನೇ ಶತಮಾನದ ನಡುವೆ ಗ್ಲೆಚ್ ಎಂಬಲ್ಲಿ ಕಣಿವೆಯ ತಳಕ್ಕೇ ಇಳಿದಿದ್ದ ಅದು ಈಗ ಬಂಡೆಯ ಮೇಲಂಚಿನಾಚೆ ಸರಿದು, ಮುಂದೆ ಹೊಸದೊಂದು ಸರೋವರ ಮೂಡಿದೆ. ಈ ಹಿಮನದಿಯನ್ನು 1874ರಿಂದ ನೆಲದ ಮೇಲೂ ಅಳೆದಿದ್ದಾರೆ. ಹಿಮದ ಮೇಲೆ ಅಡ್ಡಲಾಗಿ ಬಣ್ಣದ ಕಲ್ಲುಗಳ ಸಾಲು ಜೋಡಿಸಿ ಅವು ಎಷ್ಟು ಸರಿದವೆಂದು ವರ್ಷವರ್ಷವೂ ಬರೆದಿಟ್ಟರು.

ನಿಮ್ಮಲ್ಲಿರುವ ಹಾಳೆಯನ್ನೇ ಸ್ಕ್ಯಾನ್ ಮಾಡಿ ಇಂದಿನ ನಕ್ಷೆಯ ಮೇಲೆ ಕೂರಿಸಬೇಕೆಂದರೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಎರಡರಲ್ಲೂ ಹೊಂದುವ ಬಿಂದುಗಳನ್ನು ಆರಿಸುವುದರಲ್ಲೇ ಎಲ್ಲ ಇದೆ. ಚರ್ಚಿನ ಗೋಪುರ, ತ್ರಿಕೋನ ಗುರುತಿರುವ ಬಂಡೆಶಿಖರ ಒಳ್ಳೆಯವು. ಹೊಳೆಗಳ ಸಂಗಮ, ಕೆರೆಯ ಅಂಚು, ಕಾಲುದಾರಿಯ ತಿರುವು ಬೇಡ. ಬಿಂದುಗಳು ಹಾಳೆಯ ನಾಲ್ಕು ಮೂಲೆಗೂ ಹರಡಿರಲಿ. ಕಣಿವೆಯ ಊರುಗಳಲ್ಲೇ ಎಲ್ಲವನ್ನೂ ಆರಿಸಿದರೆ ಶಿಖರದ ಬಳಿ ನಕ್ಷೆ ಓರೆಯಾಗುತ್ತದೆ.

ಬೆಟ್ಟ ಏರುವಾಗ ಹಳೆಯ ನಕ್ಷೆಯನ್ನು ದಾರಿಗಾಗಿ ಬಳಸಬೇಡಿ. ಅಂದು ಹಿಮದಿಂದ ನೇರ ಹುಲ್ಲಿಗೆ ಕಾಲಿಡುತ್ತಿದ್ದ ಜಾಗದಲ್ಲಿ ಇಂದು ಸಡಿಲ ಕಲ್ಲಿನ ಗೋಡೆ ಇರುತ್ತದೆ. ಹಿಮ ಒತ್ತಿ ಹಿಡಿದಿದ್ದ ಇಳಿಜಾರು ಹಿಮ ಹೋದ ಮೇಲೆ ಜಾರುತ್ತದೆ. ಹಿಮನದಿಯ ಮೇಲೆ ನಡೆಯುವವರು ಇಂದಿನ ನಕ್ಷೆ, ಹಗ್ಗ ಮತ್ತು ಅಲ್ಲಿನ ಮಾರ್ಗದರ್ಶಿ ಇಲ್ಲದೆ ಹೊರಡಕೂಡದು. ಹಳೆಯದನ್ನು ಮೊಬೈಲಿನಲ್ಲಿಟ್ಟುಕೊಂಡು ನಿಂತಲ್ಲಿ ನೋಡಿ.

ಹಾಳೆ ಕೊಂಡರೆ

ಯುರೋಪಿನ ಹಳೆಯ ಪುಸ್ತಕದಂಗಡಿಗಳಲ್ಲಿ ಈ ಹಾಳೆಗಳು ಸಿಗುತ್ತವೆ. ಬೆಲೆ ಕೇಳುವ ಮೊದಲು ಇದು ಆ ಕಾಲದ ಮುದ್ರಣವೋ ಆಮೇಲಿನ ಮರುಮುದ್ರಣವೋ ಎಂದು ಕೇಳಿ. ಭೂತಗನ್ನಡಿಯಲ್ಲಿ ಕಂದು ಗೆರೆಯನ್ನು ನೋಡಿ. ಅದು ಚುಕ್ಕಿಚುಕ್ಕಿಯಾಗಿ ಒಡೆದಿದ್ದರೆ ಫೋಟೋದಿಂದ ಮಾಡಿದ ಹೊಸ ಅಚ್ಚು, ಅಖಂಡವಾಗಿ ಚೂಪಾಗಿದ್ದರೆ ಹಳೆಯದಾಗಿರುವ ಸಾಧ್ಯತೆ ಹೆಚ್ಚು. ಪ್ರವಾಸಿಗಳಿಗೆಂದು ತುಂಡು ತುಂಡಾಗಿ ಕತ್ತರಿಸಿ ಬಟ್ಟೆಗೆ ಅಂಟಿಸಿ ಮಡಚುವಂತೆ ಮಾಡಿದವೂ ಉಂಟು. ನೋಡಲು ಸೊಗಸು, ಆದರೆ ತುಂಡುಗಳ ನಡುವಿನ ಸಂದಿಯಿಂದ ಅಳತೆ ಕೆಡುತ್ತದೆ.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಇಂಥ ಕಾಗದಕ್ಕೆ ದೊಡ್ಡ ಶತ್ರು. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಎರಡನ್ನೂ ಮತ್ತೆ ಬಿಡಿಸಲಾಗದು. ಸುರುಳಿ ಸುತ್ತದೆ ಚಪ್ಪಟೆಯಾಗಿ, ಆಮ್ಲರಹಿತ ಕಾಗದದ ನಡುವೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ತೆಗೆದು ಫ್ಯಾನಿನ ಗಾಳಿಗೆ ಹರಡಿ, ಬಿಸಿಲಿಗೆ ಮಾತ್ರ ಬೇಡ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಬಣ್ಣ ಬದಲಾದಾಗ ಬದಲಿಸಲು ಮರೆಯಬೇಡಿ. ಬೂಷ್ಟು ಕಂಡರೆ ಒದ್ದೆಬಟ್ಟೆಯಿಂದ ಒರೆಸಲು ಹೋಗದೆ, ಮೊದಲು ಒಣಗಲು ಬಿಟ್ಟು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ.

ಹಾಳೆಯ ಮೇಲೆ ಹಿಂದಿನ ಮಾಲೀಕ ಪೆನ್ಸಿಲಿನಲ್ಲಿ ಏನಾದರೂ ಗುರುತು ಮಾಡಿದ್ದರೆ ಅಳಿಸಬೇಡಿ. ಹಿಮನದಿಯನ್ನು ದಾಟಿದ ಗೆರೆ, ರಾತ್ರಿ ತಂಗಿದ ಜಾಗದ ಸುತ್ತ ಒಂದು ವೃತ್ತ, ಪಕ್ಕದಲ್ಲಿ ಗಂಟೆ, ತಾರೀಕು ಇರಬಹುದು. ಇಂತಿಂಥ ಜಾಗದಲ್ಲಿ ಇಂಥ ದಿನ ಹಿಮದ ಮೇಲೆ ನಡೆಯಲು ಸಾಧ್ಯವಿತ್ತು ಎಂಬುದಕ್ಕೆ ಅದೂ ಒಂದು ದಾಖಲೆ. ಅದನ್ನು ಮೊದಲು ಫೋಟೋ ತೆಗೆದಿಟ್ಟುಕೊಂಡು, ನಿಮ್ಮ ಸ್ವಂತ ಲೆಕ್ಕಗಳನ್ನು ಬೇರೆ ಕಾಗದದ ಮೇಲೆ, ಎರಡೂ ನಕ್ಷೆಗಳ ಇಸವಿ ಮತ್ತು ಕಳೆದ 3.26 ಮೀಟರಿನ ಸಮೇತ ಬರೆಯಿರಿ.